ಕನ್ನಡ ಸಾಲಿ: ಯಾವ ಕಲಂ ನಮ್ಮ ಕೈಗೆ ಸಿಗುತ್ತದೆ?

ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಕನ್ನಡ ಸಾಲಿಯ ಮಾತು ಬಂದಾಗಲೆಲ್ಲ ನಮ್ಮ ಮಂದಿ 'ಸಂವಿಧಾನದಾಗ ನಮಗ ಹಕ್ಕು ಐತಿ' ಎಂದುಬಿಡುತ್ತಾರೆ. ಐತಿ, ಖರೆ. ಆದರೆ ಯಾವ ಕಲಂ ಸರ್ಕಾರದ ಕೈ ಹಿಡಿದು ನಿಲ್ಲಿಸುತ್ತದೆ, ಯಾವುದು ಬರೀ ಬುದ್ಧಿಮಾತು ಹೇಳುತ್ತದೆ ಎಂದು ತಿಳಿಯದೆ ಮನವಿ ಬರೆದರೆ ಕಾಗದ ಟೇಬಲ್ಲಿನಿಂದ ಟೇಬಲ್ಲಿಗೆ ತಿರುಗುತ್ತದೆ, ಅಷ್ಟೆ.

ಮೂಲಭೂತ ಹಕ್ಕನ್ನು ಮೊಟಕು ಮಾಡುವ ಕಾನೂನು ದಿಲ್ಲಿಯದಿರಲಿ, ಮುಂಬೈಯದಿರಲಿ, ಕಲಂ 13ರ ಪ್ರಕಾರ ಅಷ್ಟರಮಟ್ಟಿಗೆ ಅಸಿಂಧು. ಭಾಷಾ ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸಬಹುದೆಂದು ಕಲಂ 30 ಹೇಳುತ್ತದೆ. ಅನುದಾನ ಕೊಡುವಾಗ ಸರ್ಕಾರ ಭೇದ ಮಾಡುವಂತಿಲ್ಲ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಖಟ್ಲೆಯಲ್ಲಿ ತೀರ್ಪಿತ್ತಿತು. ಇಲ್ಲಿ ನಮಗೆ ಸಿಗುವುದೇ ಬೆಳಗಾವಿಯ ಮರಾಠಿಗರಿಗೆ ಅಲ್ಲಿ ಸಿಗುತ್ತದೆ. ಅದು ಸರಿಯೇ.

ಪೇಚು ಮುಂದಿದೆ. ಕಲಂ 30 ನಾವೇ ಕಟ್ಟಿದ ಸಂಸ್ಥೆಗೆ. ಜಿಲ್ಲಾ ಪರಿಷತ್ ಸಾಲಿ ಸರ್ಕಾರದ್ದು. ಅದಕ್ಕೆ ಇರುವುದು 1956ರ 7ನೇ ತಿದ್ದುಪಡಿಯಲ್ಲಿ ಸೇರಿದ ಕಲಂ 350-ಎ: ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ರಾಜ್ಯ 'ಪ್ರಯತ್ನಿಸಬೇಕು'. ಇದು ಮೂಲಭೂತ ಹಕ್ಕುಗಳ ಭಾಗದಲ್ಲಿಲ್ಲ. ಕಲಂ 350-ಬಿ ಪ್ರಕಾರ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ರಾಷ್ಟ್ರಪತಿಗೆ ವರದಿ ಕೊಡಬಹುದು, ಮಾಸ್ತರನ್ನು ನೇಮಿಸಲಾರರು. ನಾನು ಓದಿದ್ದು ಬಿ.ಕಾಂ. ಬರಬೇಕಾದ ಬಾಕಿಯನ್ನೂ ಖಾತೆಪುಸ್ತಕದಲ್ಲಿ ಆಸ್ತಿ ಎಂದೇ ಬರೆಯುತ್ತೇವೆ. ವಸೂಲಿಯ ಮಾತು ಬೇರೆ.

ಕೋರ್ಟಿನ ಕತ್ತಿಗೂ ಎರಡು ಬಾಯಿ. ಮಹಾರಾಷ್ಟ್ರದ ಗುಜರಾತಿ ಸಂಸ್ಥೆಗಳ ಸಾಲಿಗಳಲ್ಲಿ ಮರಾಠಿ ಕಡ್ಡಾಯ ಮಾಡಿದ್ದನ್ನು ಸುಪ್ರೀಂ ಕೋರ್ಟು 2004ರಲ್ಲಿ ಎತ್ತಿಹಿಡಿಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲವೆಂದು 2014ರಲ್ಲಿ ಕರ್ನಾಟಕ ಸರ್ಕಾರಕ್ಕೇ ಹೇಳಿತು. ಆ ತೀರ್ಪು ಕನ್ನಡಿಗರಿಗೆ ಕಹಿ ಎನಿಸಿತು, ಆದರೆ ಬೆಂಗಳೂರಿಗೆ ಹಾಕಿದ ಲಗಾಮೇ ಮುಂಬೈಗೂ.

ಹಾಗಾದರೆ ಜಿಲ್ಲಾ ಪರಿಷತ್ ಸಾಲಿಯ ಪಾಲಕರು ಹಿಡಿಯಬೇಕಾದ ಹಗ್ಗ ಯಾವುದು? ಕಲಂ 21-ಎ, ಅದರ ಬೆನ್ನಿಗೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ. ಮಂಜೂರಾದ ಶಿಕ್ಷಕ ಹುದ್ದೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಬಿಡಬಾರದೆಂದು ಆ ಕಾಯ್ದೆಯ 26ನೇ ಕಲಂ ಹೇಳುತ್ತದೆ. ಇಲ್ಲಿ 'ಪ್ರಯತ್ನ'ದ ಮಾತಿಲ್ಲ. ನಾಲ್ಕು ಹುದ್ದೆಯ ಸಾಲಿಯಲ್ಲಿ ಒಂದು ಖಾಲಿ ಇದ್ದರೂ ಮಿತಿ ಮೀರಿತು.

ಅರ್ಜಿ ಕನ್ನಡದಲ್ಲೇ ಬರೆಯಿರಿ. ತಗೊಳ್ಳೋದಿಲ್ಲ ಎನ್ನುವ ಸಾಹೇಬರಿಗೆ ಕಲಂ 350 ತೋರಿಸಿ. ಭಾಷಾಭಿಮಾನದ ಭಾಷಣ ಬೇಡ. ಎಷ್ಟು ಮಕ್ಕಳು, ಮಂಜೂರಾದ ಹುದ್ದೆ ಎಷ್ಟು, ಯಾವ ತಾರೀಖಿನಿಂದ ಖಾಲಿ ಎಂಬುದಿರಲಿ. ಒಂದು ಪ್ರತಿ ಆಯುಕ್ತರಿಗೆ ಹೋಗಲಿ, ಇನ್ನೊಂದರ ಮೇಲೆ ಶಿಕ್ಕಾ ಹಾಕಿಸಿಕೊಂಡು ಮನೆಯಲ್ಲಿಡಿ.