ಎರಡೇ ಗೆಲುವು, ಒಂದೇ ಶಾಲು
ಈ ವಾರ ಟಿವಿ ಚರ್ಚೆಯೊಂದರಲ್ಲಿ ಹಿರಿಯ ರಾಜಕಾರಣಿಯೊಬ್ಬರು ಯುವ ರೈತ ಹೋರಾಟಗಾರನಿಗೆ ‘ಗೆಲ್ಲುವ ಪಕ್ಷ ಸೇರಿಕೊಳ್ಳಪ್ಪ, ಆಗ ಕೆಲಸ ಆಗುತ್ತೆ’ ಎಂದು ಬುದ್ಧಿ ಹೇಳುತ್ತಿದ್ದರು. ನನಗೆ ತಕ್ಷಣ ನೆನಪಾದವರು ಕ್ಯಾತನಹಳ್ಳಿಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ. 1994ರಲ್ಲಿ ಪಾಂಡವಪುರದಿಂದ ವಿಧಾನಸಭೆಗೆ ಹೋದರು. ಮತ್ತೆ ಆ ಮೆಟ್ಟಿಲು ಹತ್ತಿದ್ದು 2013ರಲ್ಲಿ, ಸರ್ವೋದಯ ಕರ್ನಾಟಕ ಪಕ್ಷದ ಏಕೈಕ ಶಾಸಕರಾಗಿ, ಮೇಲುಕೋಟೆಯಿಂದ. ಆ ಎರಡು ಗೆಲುವುಗಳ ನಡುವಿನ ಹತ್ತೊಂಬತ್ತು ವರ್ಷವೇ ಅವರ ನಿಜವಾದ ರಾಜಕಾರಣ ಎನ್ನುತ್ತೇನೆ. ಕಬ್ಬಿನ ಬಾಕಿ, ಕಾವೇರಿ ನೀರು, ಪಂಪ್‌ಸೆಟ್ಟಿನ ಕರೆಂಟು ಎಂದು ಬೀದಿಯಲ್ಲೇ ನಿಂತರು, ಸೋತರೂ ರೈತ ಸಂಘದ ಹಸಿರು ಶಾಲು ತೆಗೆಯಲಿಲ್ಲ. ಅದೇ ಚಳವಳಿಯ ಬಾಬಾಗೌಡ ಪಾಟೀಲರನ್ನು ನೋಡಿ: 1989ರಲ್ಲಿ ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರ ಗೆದ್ದ ಧೀರ, 1998ರಲ್ಲಿ ಬಿಜೆಪಿಯಿಂದ ಸಂಸದರಾಗಿ ವಾಜಪೇಯಿ ಸರ್ಕಾರದಲ್ಲಿ ಸಚಿವರೂ ಆದರು. ಅವರ ಸಾಮರ್ಥ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಕುರ್ಚಿಯಿಂದ ರೈತ ಸಂಘ ಬೆಳೆಯಲಿಲ್ಲ. ಪಾಂಡವಪುರದಲ್ಲಿ ಸಂಘ ಉಳಿಯಿತು. 2018ರ ಫೆಬ್ರವರಿಯಲ್ಲಿ ಮಂಡ್ಯದ ಕಬಡ್ಡಿ ಪಂದ್ಯ ನೋಡುತ್ತಿದ್ದಾಗಲೇ ಪುಟ್ಟಣ್ಣಯ್ಯ ಹೃದಯಾಘಾತದಿಂದ ತೀರಿಕೊಂಡರು. ಮಗ ದರ್ಶನ್ ಆ ವರ್ಷದ ಚುನಾವಣೆಯಲ್ಲಿ ಸೋತು, 2023ರಲ್ಲಿ ಗೆದ್ದರು, ಅದೂ ಕಾಂಗ್ರೆಸ್ ಬೆಂಬಲದಿಂದ. ನನ್ನ ಸಂಕಟ ಇಲ್ಲಿದೆ: ಹತ್ತು ವರ್ಷ ಕಳೆದರೂ ಸರ್ವೋದಯ ಪಕ್ಷದ ಲೆಕ್ಕ ಒಂದೇ ಸ್ಥಾನ. ಬಣಬಣವಾಗಿ ಒಡೆದಿರುವ ರೈತ ಸಂಘದ ಮುಖಂಡರೇ, ಮುಂದಿನ ಚುನಾವಣೆಗೆ ಮೊದಲು ದಯವಿಟ್ಟು ಒಂದೇ ಜಗಲಿಯಲ್ಲಿ ಕೂತು ಮಾತಾಡಿ.