ಪುಸ್ತಕದ ಬದನೆಕಾಯಿಯಿಂದ ಸಾರು ಆಗುತ್ತಾ ಅನ್ನೋರಿಗೆ...

"ಥಿಯರಿಟಿಕಲ್ ಫಿಸಿಕ್ಸಾ? ಅದರಿಂದ ಏನ್ರೀ ಉಪಯೋಗ?"

ಆಫೀಸಿನ ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಎಷ್ಟು ಸಲ ಕಿವಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಹೋದ ತಿಂಗಳು ಮಾತ್ರ ಸುಮ್ಮನಿರಲು ಆಗಲಿಲ್ಲ. ಸಹೋದ್ಯೋಗಿಯೊಬ್ಬರ ಅಕ್ಕನ ಮಗಳು ಎಂಎಸ್ಸಿ ಮುಗಿಸಿ, ಕ್ವಾಂಟಮ್ ಟ್ರಾನ್ಸ್‌ಪೋರ್ಟ್‌ನಲ್ಲಿ ಪಿಎಚ್‌ಡಿ ಮಾಡ್ತೀನಿ ಅಂತ ಹಠ ಹಿಡಿದಿದ್ದಾಳೆ. (ಬಿಎಂಟಿಸಿಗೂ ಇದಕ್ಕೂ ಸಂಬಂಧವಿಲ್ಲ. ಕೆಲವೇ ನ್ಯಾನೋಮೀಟರ್ ಅಳತೆಯ ವಸ್ತುಗಳಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಅನ್ನುವ ಅಧ್ಯಯನ.) "ನೀನಾದ್ರೂ ಬುದ್ಧಿ ಹೇಳೋ ಮಾರಾಯ. ಪುಸ್ತಕದ ಬದನೆಕಾಯಿಯಿಂದ ಸಾರು ಆಗುತ್ತಾ?" ಅಂದರು. ಬುದ್ಧಿ ಹೇಳಲೇಬೇಕು, ನಿಜ. ಆದರೆ ಅವಳಿಗಲ್ಲ :-)

ನಾನೂ ಓದಿದ್ದು ಇಂಜಿನಿಯರಿಂಗೇ. ಓಮ್‌ನ ನಿಯಮವನ್ನು ಮಂತ್ರದ ಹಾಗೆ ಉರು ಹೊಡೆಸಿದರು. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ಗಿಡ್ಡವಾದಷ್ಟೂ ಕಡಿಮೆ. ಸರಿ, ಗಿಡ್ಡ ಮಾಡುತ್ತಲೇ ಹೋದರೆ? ತಾಮ್ರದಲ್ಲಿ ಎಲೆಕ್ಟ್ರಾನು ಸರಾಸರಿ 40 ನ್ಯಾನೋಮೀಟರ್ ಸಾಗುವಷ್ಟರಲ್ಲಿ ಯಾವುದಕ್ಕಾದರೂ ಡಿಕ್ಕಿ ಹೊಡೆಯುತ್ತದೆ. ದಾರಿಯೇ ಅದಕ್ಕಿಂತ ಗಿಡ್ಡವಾಗಿ, ಡಿಕ್ಕಿಯೇ ಇಲ್ಲದಿದ್ದರೆ ರೋಧ ಸೊನ್ನೆಯಾಗುತ್ತದಾ? ನಾಲ್ಕು ವರ್ಷದಲ್ಲಿ ಈ ಪ್ರಶ್ನೆ ನಮ್ಮ ಕ್ಲಾಸಿಗೆ ಬರಲೇ ಇಲ್ಲ. ಪರೀಕ್ಷೆಗೆ ಬರಲ್ಲವಲ್ಲ!

ಇಂಥ ಪ್ರಶ್ನೆಗೆ ದಾರಿ ತೆರೆದವರು ರೋಲ್ಫ್ ಲ್ಯಾಂಡಾವರ್. ವಿಶ್ವವಿದ್ಯಾಲಯದಲ್ಲಿ ಕೂತವರಲ್ಲ, ಐಬಿಎಂನಲ್ಲಿ ಕೆಲಸಕ್ಕಿದ್ದವರು. ಎಲೆಕ್ಟ್ರಾನಿನ ಅಲೆಯಲ್ಲಿ ಎಷ್ಟು ಪಾಲು ಅಡ್ಡಿಯನ್ನು ದಾಟಿ ಆಚೆಗೆ ಹೋಗುತ್ತದೆ, ಎಷ್ಟು ಹಿಂದಕ್ಕೆ ಬರುತ್ತದೆ ಎಂಬ ಲೆಕ್ಕದಿಂದಲೇ ರೋಧವನ್ನು ನೋಡಬಹುದು ಅಂತ 1957ರಲ್ಲಿ ಬರೆದರು. 1980ರ ದಶಕದಲ್ಲಿ ಈ ಸೂತ್ರದ ಮೇಲೆ ಸಿದ್ಧಾಂತಿಗಳ ನಡುವೆ ದೊಡ್ಡ ಜಗಳವೇ ಆಯಿತು. ಅಡ್ಡಿಯೇ ಇಲ್ಲದ ದಾರಿಗೆ ರೋಧ ಇದೆಯೋ ಇಲ್ಲವೋ? ಕೊನೆಗೆ ಇತ್ಯರ್ಥವಾದದ್ದು ಹೀಗೆ: ಎರಡು ತುದಿಯ ನಡುವೆ ಅಳೆದರೆ, ಇದೆ. ಒಂದು ಲೇನ್‌ಗೆ ಸುಮಾರು 12,906 ಓಮ್. ಅದು ಇರುವುದು ದಾರಿಯಲ್ಲಲ್ಲ, ಅಗಲವಾದ ಲೋಹದಿಂದ ಕಿರಿದಾದ ದಾರಿಗೆ ನುಗ್ಗುವ ಬಾಯಲ್ಲಿ. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ರಸ್ತೆ ಖಾಲಿ, ಹತ್ತುವ ಜಾಗದಲ್ಲಿ ಜಾಮ್. ನಮಗೆ ಇದನ್ನು ಬಿಡಿಸಿ ಹೇಳಬೇಕೆ?

1988ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ತಂಡ, ಕೇಂಬ್ರಿಜ್‌ನ ಇನ್ನೊಂದು ತಂಡ ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಇಂಥ ಕಿರುದಾರಿ ಮಾಡಿ, ಅತಿ ಶೀತದಲ್ಲಿಟ್ಟು, ನಿಧಾನವಾಗಿ ಅಗಲ ಮಾಡುತ್ತಾ ಹೋದವು. ವಿದ್ಯುತ್ ಸಾಗುವ ಸುಲಭತೆ ಇಳಿಜಾರಿನ ಹಾಗೆ ಏರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿತು. ಒಂದೊಂದು ಮೆಟ್ಟಿಲೂ ಒಂದೊಂದು ಲೇನ್! 1957ರಿಂದ 1988, ಮೂವತ್ತೊಂದು ವರ್ಷ. ನಮ್ಮ ಮ್ಯಾನೇಜರ್‌ಗಳು ಮೂರು ತಿಂಗಳು ಕಾಯುವುದಿಲ್ಲ.

ಇನ್ನೂ ಮಜಾ ಕೇಳಿ. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಬಲವಾದ ಕಾಂತಕ್ಷೇತ್ರದಲ್ಲಿ 25,812.8 ಓಮ್ ಎಂಬ ಸಂಖ್ಯೆಯನ್ನು ಕಂಡರು. ಮೇಲಿನ ಸಂಖ್ಯೆಯ ಸರಿಯಾಗಿ ಎರಡು ಪಟ್ಟು. ಸ್ಯಾಂಪಲ್ ಬದಲಾದರೂ ಸಂಖ್ಯೆ ಬದಲಾಗದು, ಏಕೆಂದರೆ ಅದರಲ್ಲಿರುವುದು ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ವಿದ್ಯುದಂಶ ಎರಡೇ. 1990ರಿಂದ ರೋಧದ ಮಾನಕ ಇದೇ. 2019ರಲ್ಲಿ ಆ ಎರಡೂ ಸ್ಥಿರಾಂಕಗಳ ಬೆಲೆಯನ್ನೇ ನಿಗದಿ ಮಾಡಿದರು. "ನಾವು ಪ್ರಾಕ್ಟಿಕಲ್ ಜನ" ಅಂತ ಎದೆ ತಟ್ಟಿಕೊಳ್ಳುವವರ ಮಲ್ಟಿಮೀಟರಿನ ಓಮ್ ಇಂದು ನಿಂತಿರುವುದು ಈ ಬದನೆಕಾಯಿಯ ಮೇಲೆ ಸ್ವಾಮಿ!

ಹಾಗಂತ ಸಿದ್ಧಾಂತಿಗಳು ಬರೆದದ್ದೆಲ್ಲ ವೇದವಾಕ್ಯವೇನಲ್ಲ. 1997ರಲ್ಲಿ ಬೆಂಜೀನ್ ಮೂಲದ ಒಂದು ಅಣುವಿನ ಮೂಲಕ ವಿದ್ಯುತ್ ಹರಿಸಿ ಅಳೆದರು. ಲೆಕ್ಕ ಹಾಕಿದವರ ಉತ್ತರ ನೂರಾರು ಪಟ್ಟು ಹೆಚ್ಚು ಬಂತು. ನಕ್ಕವರು ನಕ್ಕರು. 2004ರಲ್ಲಿ ಬೇರೆ ವಿಧಾನದಲ್ಲಿ ಅಳೆದಾಗ ಹಳೆಯ ಪ್ರಯೋಗದ ಸಂಖ್ಯೆಯೇ ಪ್ರಶ್ನೆಗೆ ಸಿಕ್ಕಿಬಿತ್ತು. ಲೆಕ್ಕ ಅಂತ ಒಂದು ಇಲ್ಲದಿದ್ದರೆ ಆ ಅಳತೆಯನ್ನು ಅಷ್ಟು ಅನುಮಾನದಿಂದ ಯಾರು ನೋಡುತ್ತಿದ್ದರು?

"ಅದೆಲ್ಲ ಅಮೆರಿಕ, ಯುರೋಪಿನವರಿಗೆ ಸರಿ" ಅನ್ನೋರಿಗೂ ಒಂದು ಮಾತು. ಅಡ್ಡಾದಿಡ್ಡಿ ಕಲ್ಮಶ ತುಂಬಿದ ತಂತಿಯಲ್ಲಿ ವಿದ್ಯುತ್ ಹೇಗೆ ಏರಿಳಿಯುತ್ತದೆ ಎಂದು ಹೇಳುವ ಪ್ರಸಿದ್ಧ ಸಮೀಕರಣವೊಂದಕ್ಕೆ ಡಿಎಂಪಿಕೆ ಎಂದು ಹೆಸರು. ಅದರ 'ಕೆ' ಅಂದರೆ ನರೇಂದ್ರ ಕುಮಾರ್, ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು. ನಮ್ಮೂರಿನಲ್ಲಿ ದುಡಿದವರ ಹೆಸರಿನ ಅಕ್ಷರ ಜಗತ್ತಿನ ಪಠ್ಯಗಳಲ್ಲಿದೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

2023ರಲ್ಲಿ ಕೇಂದ್ರ ಸರ್ಕಾರ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿ ಒಪ್ಪಿತು. ಸಂತೋಷ. ಈಗ ಎಲ್ಲರ ಬಾಯಲ್ಲೂ ಕ್ವಾಂಟಮ್ಮೇ. ಆದರೆ ಆ ದುಡ್ಡಿನಿಂದ ಯಂತ್ರ ಕೊಳ್ಳಬಹುದು, ಯಂತ್ರ ತೋರಿಸಿದ್ದನ್ನು ಅರ್ಥ ಮಾಡಿಕೊಳ್ಳುವ ತಲೆ ರೆಡಿಮೇಡ್ ಸಿಗುವುದಿಲ್ಲ. ಅದನ್ನು ಬೆಳೆಸಬೇಕು. ಬೆಳೆಯಲು ಹೊರಟವಳನ್ನು ನಾವು "ಕೋಡಿಂಗ್ ಕಲಿ" ಅಂತ ಎಳೆದು ತರುತ್ತೇವೆ!

"ಮುಂದೆ ಯಾವತ್ತೋ ಉಪಯೋಗಕ್ಕೆ ಬರುತ್ತೆ ಬಿಡಿ" ಅನ್ನುವ ಸಮಾಧಾನದ ಮಾತೂ ನನಗೆ ಒಪ್ಪಿಗೆಯಿಲ್ಲ. ಎಷ್ಟೋ ಲೆಕ್ಕಗಳು ಯಾವ ಉಪಯೋಗಕ್ಕೂ ಬರುವುದಿಲ್ಲ. ಯಾವುದು ಬರುತ್ತದೆ ಅಂತ ಮೊದಲೇ ಆರಿಸಿ ಕೊಡುವವರು ಮಾತ್ರ ಇನ್ನೂ ಹುಟ್ಟಿಲ್ಲ. ರೋಧ ಅಂದರೆ ಏನು ಅನ್ನುವುದೇ ಕೇಳಲು ಯೋಗ್ಯವಾದ ಪ್ರಶ್ನೆ. ಅಷ್ಟು ಸಾಲದೇ?

ಅಂದಹಾಗೆ, ನಾವು ದಿನಕ್ಕೆ ಒಂಬತ್ತು ಗಂಟೆ ಕೂತು ಬರೆಯುವ ಕೋಡ್‌ನಿಂದ ಏನು ಉಪಯೋಗ ಅಂತ ಯಾರಾದರೂ ಕೇಳಿದ್ದಾರಾ? ಕೇಳಿದರೆ ನಿಮ್ಮ ಉತ್ತರ ಏನು?