ಕಾರ್ಯಕ್ರಮ ಮುಗಿದ ಮೇಲೆ ಲೆಕ್ಕ ನೋಡೋಣ

ಹೆಣ್ಣುಮಕ್ಕಳ ಸುರಕ್ಷತೆಯ ಕಾರ್ಯಕ್ರಮ ಎಂದರೆ ಹೆಚ್ಚಿನ ಕಡೆ ಒಂದು ಭಾಷಣ, ಒಂದಿಷ್ಟು ಕರಾಟೆ, ಕೊನೆಗೆ ಫೋಟೊ. ಕಾಮರ್ಸ್ ಓದುವ ನಾವು ಖರ್ಚು ಬರೆದು ಸುಮ್ಮನಾಗುವುದಿಲ್ಲ, ಲಾಭ-ನಷ್ಟವನ್ನೂ ನೋಡುತ್ತೇವೆ. ಈ ಕಾರ್ಯಕ್ರಮಗಳಿಗೂ ಅಂಥ ಲೆಕ್ಕ ಬೇಕು.

ಕೆನಡಾದಲ್ಲಿ ಅದನ್ನು ಮಾಡಿದ್ದಾರೆ. ಶಾರ್ಲೀನ್ ಸೆನ್ ಮತ್ತು ಸಂಗಡಿಗರು 3 ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 12 ಗಂಟೆಗಳ ತರಬೇತಿ, ಇನ್ನೊಂದಕ್ಕೆ ಕರಪತ್ರ ಮಾತ್ರ. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಕರಪತ್ರದ ಗುಂಪಿನಲ್ಲಿ ಶೇ. 9.8, ತರಬೇತಿಯ ಗುಂಪಿನಲ್ಲಿ ಶೇ. 5.2. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಏಟು ಹಾಕುವುದನ್ನಷ್ಟೇ ಕಲಿಸಲಿಲ್ಲ. ಪರಿಚಯದವರಿಂದ ಬರುವ ಅಪಾಯವನ್ನು ಬೇಗ ಗುರುತಿಸುವುದನ್ನೂ ಸಂಕೋಚ ಬಿಟ್ಟು ಎದುರಿಸುವುದನ್ನೂ ಕಲಿಸಿದರು.

ನಮ್ಮ ದೇಶದಲ್ಲೂ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ 10ಕ್ಕೆ 9ಕ್ಕೂ ಹೆಚ್ಚು ಆರೋಪಿಗಳು ಪರಿಚಿತರೇ. ಕರಾಟೆ ಬೇಡವೆಂದಲ್ಲ. ಆದರೆ ಕತ್ತಲಲ್ಲಿ ಬರುವ ಅಪರಿಚಿತನಿಗೆ ಕಲಿತ ಏಟನ್ನು ದಿನಾ ಮನೆಗೆ ಬರುವ ನೆಂಟನ ಮೇಲೆ ಎತ್ತುವುದು ಹೇಗೆ?

ಇನ್ನೊಂದು ಪ್ರಶ್ನೆ, ಯಾರಿಗೆ ಹೇಳುವುದು? 2025ರ ಜನವರಿಯಲ್ಲಿ ಮಧುಗಿರಿಯ ಡಿವೈಎಸ್‌ಪಿಯೇ, ದೂರು ಕೊಡಲು ಬಂದ ಮಹಿಳೆಗೆ ಲೈಂಗಿಕ ಕಿರುಕುಳ ಕೊಟ್ಟ ಆರೋಪದಲ್ಲಿ ಬಂಧನವಾದರು. ಆ ಸುದ್ದಿ ಕೇಳಿದ ಶಿರಾ, ಕೊರಟಗೆರೆ, ಪಾವಗಡದ ಹುಡುಗಿಗೆ "ಪೊಲೀಸರಿಗೆ ಹೇಳು" ಎಂದಷ್ಟೇ ಹೇಳಿದರೆ ಧೈರ್ಯ ಬರುವುದಿಲ್ಲ. ಮನೆಯಲ್ಲಿ ಹೇಳಿದರೆ ನಮ್ಮಂಥ ಎಷ್ಟೋ ಮನೆಗಳಲ್ಲಿ ಮೊದಲು ಬರುವುದು ಇಜ್ಜತ್ತಿನ ಮಾತು. ತಪ್ಪು ಮಾಡಿದವನು ಓಡಾಡಿಕೊಂಡಿರುತ್ತಾನೆ, ಹುಡುಗಿಯ ಕಾಲೇಜು ನಿಲ್ಲುತ್ತದೆ. ಈ ಭಯಕ್ಕೇ ಅವಳು ಬಾಯಿ ಬಿಡುವುದಿಲ್ಲ.

18 ತುಂಬದವರಿಗೆ 2012ರ ಪೋಕ್ಸೊ ಕಾಯ್ದೆ ಇದೆ. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪತ್ರಿಕೆಗಳು ಹೆಸರು ಹಾಕುವಂತಿಲ್ಲ, ವಿಷಯ ತಿಳಿದವರು ಮುಚ್ಚಿಡುವಂತಿಲ್ಲ. 1098ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಪ್ರಾಂಶುಪಾಲರಲ್ಲಿ, ಅಧ್ಯಾಪಕರಲ್ಲಿ ಮೂರು ವಿನಂತಿ. ಒಂದು ದಿನದ ಬದಲು ಕೆಲವು ವಾರ ತರಗತಿ ನಡೆಸಿ, ಹುಡುಗರಿಗೂ ಬೇರೆಯಾಗಿ ನಡೆಸಿ. ಪಾಲಕರ ಸಭೆಯಲ್ಲಿ ಅಮ್ಮಿ, ಅಬ್ಬಾ ಇಬ್ಬರಿಗೂ ಒಂದು ಮಾತು ಹೇಳಿ: ಮಗಳು ಹೇಳಿಕೊಂಡರೆ ಅವಳ ಓದು ನಿಲ್ಲಿಸಬೇಡಿ. ಮೂರನೆಯದು ಲೆಕ್ಕ. ತರಗತಿಗೆ ಮೊದಲು ಒಮ್ಮೆ, ಮುಗಿದ ಮೂರು ತಿಂಗಳಿಗೆ ಇನ್ನೊಮ್ಮೆ, ಹೆಸರು ಬರೆಯದ ಚೀಟಿಯಲ್ಲಿ ನಮ್ಮನ್ನು ಕೇಳಿ: "ಏನಾದರೂ ಆದರೆ ನೀನು ಯಾರಿಗೆ ಹೇಳುತ್ತೀಯ?" ಮೊದಲ ಸಲ "ಯಾರಿಗೂ ಇಲ್ಲ" ಎಂದು ಬರೆದವರ ಸಂಖ್ಯೆ ಎರಡನೆಯ ಸಲ ಇಳಿದರೆ ಅದೇ ನಮ್ಮ ಲಾಭ. ಇಳಿಯದಿದ್ದರೆ ಕಾರ್ಯಕ್ರಮವನ್ನು ಬದಲಿಸೋಣ.